ಮೇಲಧಿಕಾರಿಯ ದರ್ಪವೂ ಕೈಕೆಳಗಿನವರ ದಾರಿಯೂ

2025ನೆಯ ಇಸವಿಯ ಜನವರಿ 21ರಂದು ಫ್ರಾನ್ಸು ದೇಶದ ಅತ್ಯುಚ್ಚ ನ್ಯಾಯಾಲಯವು ಒಂದು ತೀರ್ಪನ್ನಿತ್ತಿತು. ಆ ದೇಶದ ದೂರವಾಣಿಯ ಮಹಾಸಂಸ್ಥೆಯ ಮಾಜಿ ಮುಖ್ಯಾಧಿಕಾರಿಯೂ ಆತನ ಉಪಾಧಿಕಾರಿಯೂ ತಮ್ಮ ಮೇಲಿನ ಶಿಕ್ಷೆಯನ್ನು ತೊಡೆದುಹಾಕಬೇಕೆಂದು ಮಾಡಿಕೊಂಡಿದ್ದ ಮೊರೆಯನ್ನು ಅದು ತಳ್ಳಿಹಾಕಿತು. ಇವರು ಯಾರ ಮೇಲೂ ಕೈಯೆತ್ತಿದವರಲ್ಲ; ಸಂಸ್ಥೆಯ ಬೊಕ್ಕಸಕ್ಕೆ ಕನ್ನವಿಕ್ಕಿದವರಲ್ಲ; ತಮ್ಮಿಂದ ನೊಂದವರಲ್ಲಿ ಹೆಚ್ಚಿನವರ ಮುಖವನ್ನು ಸಹ ಕಂಡವರಲ್ಲ. ಆದರೂ ನೌಕರರನ್ನು ಮಾನಸಿಕವಾಗಿ ಹಿಂಸೆಗೀಡುಮಾಡಿದ ಅಪರಾಧವು ಅವರ ಮೇಲೆ ಸ್ಥಿರವಾಯಿತು. ಒಂದು ಸಂಸ್ಥೆಯ ಆಡಳಿತನೀತಿಯೇ ಕಿರುಕುಳದ ಆಯುಧವಾಗಬಲ್ಲುದೆಂಬುದನ್ನು ಆ ನ್ಯಾಯಾಲಯವು ಒಪ್ಪಿಕೊಂಡಿತು. ನಮ್ಮ ಕಡೆಯ ಕಚೇರಿಗಳಲ್ಲಿ ಈ ಸಂಗತಿಯು ಚರ್ಚೆಗೆ ಬಂದಂತೆ ನಮಗೆ ಕಾಣಲಿಲ್ಲ. ಬರಬೇಕಾಗಿತ್ತೆಂದು ನಮ್ಮ ಅಭಿಪ್ರಾಯ.

ಆ ಸಂಸ್ಥೆಯ ಆಗಿನ ಹೆಸರು ಫ್ರಾನ್ಸ್ ಟೆಲಿಕಾಂ. 2013ರಿಂದ ಅದು ಆರೆಂಜ್ ಎಂಬ ಹೆಸರಿನಿಂದ ವ್ಯವಹರಿಸುತ್ತಿದೆ. ಮೂಲತಃ ಅದು ಸರಕಾರದ ಇಲಾಖೆ. 2004ರಲ್ಲಿ ಸರಕಾರದ ಪಾಲು ಅರ್ಧಕ್ಕಿಂತ ಕೆಳಗಿಳಿದು ಅದು ಖಾಸಗಿ ಒಡೆತನಕ್ಕೆ ಬಂದಿತು. ಆದರೆ ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಸರಕಾರಿ ನೌಕರರ ಹಕ್ಕುಗಳನ್ನು ಉಳಿಸಿಕೊಂಡವರು. ಅವರನ್ನು ಬೇಕೆಂದಾಗ ಬೀದಿಗೆ ತಳ್ಳುವಂತಿರಲಿಲ್ಲ. ಇತ್ತ ಸಾಲದ ಹೊರೆಯೋ ಬೆಟ್ಟದಷ್ಟು. ಆಗ ಮುಖ್ಯಾಧಿಕಾರಿ ಡಿಡಿಯೇ ಲೊಂಬಾರ್ ಅವರ ಆಡಳಿತವು ಒಂದು ಯೋಜನೆಯನ್ನು ಹೂಡಿತು. 2006ರಿಂದ 2008ರವರೆಗಿನ ಮೂರು ವರುಷಗಳಲ್ಲಿ ಸುಮಾರು 1,20,000 ನೌಕರರ ಪೈಕಿ 22,000 ಮಂದಿ ಸಂಸ್ಥೆಯನ್ನು ಬಿಡಬೇಕು; ಮತ್ತೆ 10,000 ಮಂದಿ ತಮ್ಮ ಕೆಲಸವನ್ನು ಬದಲಿಸಬೇಕು. ತೆಗೆಯಲು ಬರುವುದಿಲ್ಲ, ಆದರೆ ಹೋಗಲೇಬೇಕು. ಈ ಎರಡು ಮಾತುಗಳ ನಡುವಣ ಕಂದಕವನ್ನು ಯಾವುದರಿಂದ ತುಂಬಬೇಕು? 2006ರ ಅಕ್ಟೋಬರದಲ್ಲಿ ತಮ್ಮ ಹಿರಿಯ ಅಧಿಕಾರಿಗಳ ಸಭೆಯಲ್ಲಿ ಮುಖ್ಯಾಧಿಕಾರಿಯು, ಇವರನ್ನು ಹೇಗಾದರೂ ಮಾಡಿ ಹೊರಡಿಸುವೆನು, ಕಿಟಕಿಯಿಂದಲಾದರೂ ಸರಿ ಬಾಗಿಲಿನಿಂದಲಾದರೂ ಸರಿ, ಎಂಬರ್ಥದ ಮಾತನ್ನಾಡಿದನು. ಮುಂದೆ ನ್ಯಾಯಾಸ್ಥಾನದಲ್ಲಿ ಈ ಒಂದು ಮಾತೇ ಅವನ ಬೆನ್ನು ಬಿಡಲಿಲ್ಲ.

ಮಾತು ಮೇಲಿನಿಂದ ಕೆಳಗಿಳಿಯುವಾಗ ಏನಾಯಿತೆಂಬುದನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಮಧ್ಯದ ದರ್ಜೆಯ ಅಧಿಕಾರಿಗಳಿಗೆ ಶಿಬಿರಗಳು ನಡೆದವು. ಬಂಧುವನ್ನು ಕಳೆದುಕೊಂಡವನ ಮನಸ್ಸು ಮೊದಲು ನಂಬದೆ, ಆಮೇಲೆ ಸಿಟ್ಟಾಗಿ, ಕೊನೆಗೆ ಸೋತು ಒಪ್ಪಿಕೊಳ್ಳುವ ಹಂತಗಳನ್ನು ವೈದ್ಯರು ಗುರುತಿಸಿದ್ದಾರಷ್ಟೆ; ಆ ಶೋಕದ ರೇಖೆಯನ್ನೇ ಹಲಗೆಯ ಮೇಲೆ ಬರೆದು, ನೌಕರನು ಈಗ ಯಾವ ಹಂತದಲ್ಲಿರುವನೆಂದು ತಿಳಿಯುವುದನ್ನು ಕಲಿಸಿಕೊಟ್ಟರು. ಕೈಕೆಳಗಿನವರಲ್ಲಿ ಎಷ್ಟು ಮಂದಿ ಹೊರಟರೆಂಬುದರ ಮೇಲೆ ಕೆಲವು ಅಧಿಕಾರಿಗಳ ಬಹುಮಾನದ ಹಣವು ನಿಂತಿತು. ಆಮೇಲಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತು ವರುಷ ಕಂಬವೇರಿ ತಂತಿ ಜೋಡಿಸಿದವನನ್ನು ದೂರವಾಣಿಯ ಮುಂದೆ ಕೂರಿಸಿ ಸರಕು ಮಾರುವ ಮಾತುಗಳನ್ನು ಒಪ್ಪಿಸಹಚ್ಚಿದರು. ಕೆಲವರನ್ನು ಊರಿಂದೂರಿಗೆ ಅಟ್ಟಿದರು. ಕೆಲವರಿಗೆ ಕೆಲಸವನ್ನೇ ಕೊಡದೆ ಸುಮ್ಮನೆ ಕೂರಿಸಿದರು. ಬೇರೆ ಕಡೆ ನೌಕರಿ ಹುಡುಕಿಕೊಳ್ಳಿರೆಂಬ ಮಿಂಚಂಚೆಗಳು ಮೇಲಿಂದ ಮೇಲೆ ಬರತೊಡಗಿದವು. ಬೈಗುಳಿಲ್ಲ, ಹೊಡೆತವಿಲ್ಲ, ಎಲ್ಲವೂ ನಯವಾದ ಆಡಳಿತದ ಭಾಷೆಯಲ್ಲಿಯೇ ನಡೆಯಿತು.

ಅದರ ಫಲವನ್ನು ಬರೆಯಲು ನಮಗೆ ಮನಸ್ಸು ಬಾರದು. ನ್ಯಾಯಾಲಯವು ವಿವರವಾಗಿ ಪರಿಶೀಲಿಸಿದ 39 ಪ್ರಕರಣಗಳಲ್ಲಿ 19 ಮಂದಿ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡಿದ್ದರು. 12 ಮಂದಿ ಅದೇ ಪ್ರಯತ್ನ ಮಾಡಿ ಉಳಿದಿದ್ದರು. 8 ಮಂದಿ ತೀವ್ರ ಮನೋವ್ಯಾಧಿಗೆ ಗುರಿಯಾಗಿದ್ದರು. 2019ರ ಡಿಸೆಂಬರ 20ರಂದು ಪ್ಯಾರಿಸಿನ ನ್ಯಾಯಾಲಯವು ಲೊಂಬಾರನಿಗೂ ಇನ್ನಿಬ್ಬರು ಹಿರಿಯ ಅಧಿಕಾರಿಗಳಿಗೂ ಒಂದೊಂದು ವರುಷದ ಸೆರೆಯನ್ನು ವಿಧಿಸಿ, ಅದರಲ್ಲಿ ಎಂಟು ತಿಂಗಳನ್ನು ಅಮಾನತಿನಲ್ಲಿಟ್ಟಿತು. ಪ್ರತಿಯೊಬ್ಬರಿಗೂ 15,000 ಯೂರೊ ದಂಡ ಹಾಕಿತು. ಸಂಸ್ಥೆಗೆ ಬಿದ್ದ ದಂಡ 75,000 ಯೂರೊ. ಅಷ್ಟು ದೊಡ್ಡ ವ್ಯಾಪಾರಕ್ಕೆ ಇದು ಚಹದ ಖರ್ಚಾದರೂ ಆದೀತೋ ಇಲ್ಲವೋ. ಆದರೆ ಕಾನೂನು ಅನುಮತಿಸಿದ ಗರಿಷ್ಠವೇ ಅಷ್ಟು. 2022ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಸೆರೆಯನ್ನು ಪೂರ್ತಿಯಾಗಿ ಅಮಾನತಿನಲ್ಲಿಟ್ಟಿತು. ಅಪರಾಧವನ್ನು ಮಾತ್ರ ಅಳಿಸಲಿಲ್ಲ. ಒಬ್ಬನೂ ಒಂದು ರಾತ್ರಿಯನ್ನಾದರೂ ಸೆರೆಮನೆಯಲ್ಲಿ ಕಳೆಯುವ ಪ್ರಸಂಗ ಬರಲಿಲ್ಲವಲ್ಲಾ ಎಂದು ಹಲುಬುವವರೊಡನೆ ನಮ್ಮ ಜಗಳವಿಲ್ಲ. ಆದರೂ ದೊರೆತನದ ಕುರ್ಚಿಯಲ್ಲಿ ಕುಳಿತವನು ತನ್ನ ಅಂಕೆಸಂಖ್ಯೆಗಳಿಗೆ ತಾನೇ ಹೊಣೆಗಾರನೆಂಬ ಮಾತು ಕಾಗದದ ಮೇಲೆ ಬಂದಿದೆ.

ಈ ವಿಷಯ ನ್ಯಾಯಾಲಯದ ಮೆಟ್ಟಿಲನ್ನೇರಿದುದು ಹೇಗೆ? ಅಲ್ಲಿಯ ಎರಡು ನೌಕರರ ಸಂಘಗಳು 2007ರಲ್ಲಿಯೇ ಕೂಡಿ, ನೌಕರರ ಮೇಲಣ ಒತ್ತಡವನ್ನೂ ಬಲವಂತದ ವರ್ಗಾವಣೆಗಳನ್ನೂ ಗಮನಿಸುವ ಒಂದು ಸ್ವತಂತ್ರ ವೀಕ್ಷಣಮಂಡಲವನ್ನು ಸ್ಥಾಪಿಸಿದವು. ಊರೂರಿನಿಂದ ವರದಿಗಳನ್ನು ತರಿಸಿದವು, ಎಣಿಕೆಯಿಟ್ಟವು. ಸಂಸ್ಥೆಯ ವೈದ್ಯರಲ್ಲಿ ಹಲವರು ಎಚ್ಚರಿಕೆ ಕೊಟ್ಟರು. 2009ರ ಕೊನೆಗೆ ಒಂದು ಸಂಘವು ಫಿರ್ಯಾದು ಹೂಡಿತು. 2010ರ ಫೆಬ್ರವರಿಯಲ್ಲಿ ಸರಕಾರದ ಕಾರ್ಮಿಕ ನಿರೀಕ್ಷಕಿಯೊಬ್ಬಳು ಎಲ್ಲವನ್ನೂ ಕ್ರಮವಾಗಿ ಬರೆದು ಸರಕಾರಿ ವಕೀಲರಿಗೆ ಕಳುಹಿದಳು. 2002ರ ಕಾನೂನಿನಿಂದ ಫ್ರಾನ್ಸಿನಲ್ಲಿ ಕೆಲಸದ ಸ್ಥಳದ ಮಾನಸಿಕ ಹಿಂಸೆಯು ಆಗಲೇ ಶಿಕ್ಷಾರ್ಹ ಅಪರಾಧವಾಗಿದ್ದಿತು. ಬರೆದಿಟ್ಟ ಕಾಗದ, ಕೂಡಿ ನಿಂತ ಜನ, ಆಧಾರಕ್ಕೊಂದು ಕಾನೂನು ಈ ಮೂರೂ ಒಂದೆಡೆ ಸೇರಿದುದರಿಂದ ಕೆಲಸವಾಯಿತು. ಆದರೂ ಮೊದಲ ತೀರ್ಪು ಬರಲು ಹತ್ತು ವರುಷ ಹಿಡಿಯಿತು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ವಿಷಪೂರಿತ ನಾಯಕತ್ವವೆಂಬ ಮಾತನ್ನು ಮಾರ್ಷಿಯಾ ವಿಕರ್ ಎಂಬ ಅಮೇರಿಕದ ರಾಜ್ಯಶಾಸ್ತ್ರಜ್ಞೆಯು 1996ರ ತನ್ನ ಪುಸ್ತಕದಲ್ಲಿ ಬಳಕೆಗೆ ತಂದಳು. 2012ರಲ್ಲಿ ಅಮೇರಿಕದ ಭೂಸೇನೆಯು ಸಹ ತನ್ನ ನಾಯಕತ್ವದ ಕೈಪಿಡಿಯಲ್ಲಿ ಈ ರೋಗಕ್ಕೊಂದು ಲಕ್ಷಣ ಬರೆಯಿತು. ಹುಕುಮೇ ಪ್ರಾಣವಾಗಿರುವ ಸೈನ್ಯಕ್ಕೂ ಇದು ಬೇಕಾಯಿತೆಂದ ಮೇಲೆ ತಾಲೂಕು ಕಚೇರಿಗೆ, ಬ್ಯಾಂಕಿಗೆ, ಬೆಂಗಳೂರಿನ ಗಣಕಯಂತ್ರದ ಕಂಪನಿಗಳಿಗೆ ಬೇಡವೆನ್ನುವರಾರು?

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಬಿಗಿಯಾದ ಮೇಲಧಿಕಾರಿಗಳೆಲ್ಲರೂ ವಿಷವಲ್ಲ. ಹೊತ್ತಿಗೆ ಸರಿಯಾಗಿ ಬಾ ಎನ್ನುವವನು, ಕಡತದಲ್ಲಿ ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ಗೆರೆಯೆಳೆಯುವವನು, ಲಂಚದ ವಾಸನೆ ಬಂದರೆ ಸಿಡಿಯುವವನು ನಮ್ಮ ದೃಷ್ಟಿಯಲ್ಲಿ ನಾಡಿನ ಭಾಗ್ಯ. ಅಂಥವನ ಮೇಲೆ ಸೋಮಾರಿ ನೌಕರನು ಕಿರುಕುಳದ ದೂರು ಹೇಳುವುದೂ ಉಂಟು. ಅದನ್ನೂ ನಾವು ಬಲ್ಲೆವು. ಭೇದವು ಎಲ್ಲಿದೆಯೆಂದರೆ, ಬಿಗಿಯಾದ ಅಧಿಕಾರಿಯ ಕೋಪಕ್ಕೆ ಕಾರಣ ಗೊತ್ತಿರುತ್ತದೆ. ಕೆಲಸ ಸರಿಹೋದರೆ ಕೋಪವೂ ಇಳಿಯುತ್ತದೆ. ವಿಷದ ಅಧಿಕಾರಿಯ ಕೋಪಕ್ಕೆ ಕಾರಣ ಹುಡುಕಿದರೆ ಸಿಕ್ಕದು. ನಿನ್ನೆ ಹೊಗಳಿದುದನ್ನೇ ಇಂದು ಜರೆಯುತ್ತಾನೆ. ನಾವು ಬಲ್ಲ ಕಚೇರಿಯೊಂದರಲ್ಲಿ, ಅದರ ಹೆಸರು ಬೇಡ, ಗುಮಾಸ್ತರು ಬೆಳಿಗ್ಗೆ ಬಂದೊಡನೆ ಸಾಹೇಬರ ಕೋಣೆಯ ಜವಾನನನ್ನು ಇಂದು ಹವೆ ಹೇಗಿದೆಯೆಂದು ಕೇಳುತ್ತಿದ್ದರು. ಅವನು ಮೋಡವಿದೆ ಎಂದರೆ ಯಾವ ಕಡತವೂ ಅಂದು ಒಳಗೆ ಹೋಗುತ್ತಿರಲಿಲ್ಲ. ಒಂದು ಹಳ್ಳಿಯ ಬಾವಿಯ ಮಂಜೂರಿಯು ಈ ಹವಾಮಾನದ ದೆಸೆಯಿಂದ ಒಂದು ತಿಂಗಳು ಮೇಜಿನ ಮೇಲೆ ಮಲಗಿದುದನ್ನು ನಾವೇ ಕಂಡಿದ್ದೇವೆ.

ಒಡೆಯನ ಮನಸ್ಸು ಕೆಟ್ಟುದನ್ನು ಗುರುತಿಸುವ ಶಾಸ್ತ್ರವು ಹೊಸದೇನೂ ಅಲ್ಲ. ಅದನ್ನು ಪಶ್ಚಿಮದವರಿಂದಲೇ ಕಲಿಯಬೇಕಾದುದೂ ಇಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ಒಂದು ತಾಳೆಗರಿಯ ಕಟ್ಟಿನಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡುಹಿಡಿದು, 1909ರಲ್ಲಿ ಮೂಲವನ್ನೂ 1915ರಲ್ಲಿ ಅದರ ಇಂಗ್ಲಿಷು ಅನುವಾದವನ್ನೂ ಲೋಕಕ್ಕೆ ಕೊಟ್ಟರು. ಆ ಗ್ರಂಥದ ಐದನೆಯ ಅಧಿಕರಣವು ರಾಜನ ಸೇವಕನಾದವನ ಬಾಳಿನ ವಿಷಯವಾಗಿದೆ. ರಾಜನ ಸೇವೆಯನ್ನು ಬೆಂಕಿಯೊಡನೆ ಬಾಳುವುದಕ್ಕೆ ಹೋಲಿಸಿ, ಬೆಂಕಿಗಿಂತಲೂ ಇದು ಮಿಗಿಲೆಂದು ಅಲ್ಲಿ ಹೇಳಿದೆ. ಒಡೆಯನು ಮುನಿದ ಕುರುಹುಗಳ ಪಟ್ಟಿಯನ್ನು ಓದಿದರೆ, ಬರೆದವನು ನಮ್ಮ ಯಾವುದೋ ಇಲಾಖೆಯಲ್ಲಿ ಮೂವತ್ತು ವರುಷ ಸವೆದವನಿರಬೇಕೆನ್ನಿಸುತ್ತದೆ. ಹೇಳಿದ ಮಾತಿಗೆ ಕಿವಿಗೊಡನು; ಕೂರಲು ಹೇಳನು; ಕಣ್ಣೆತ್ತಿ ನೋಡನು; ದನಿಯ ಬಣ್ಣ ಬದಲಿಸುವನು; ಕಾರಣವಿಲ್ಲದೆ ನಗುವನು; ಇದ್ದಕ್ಕಿದ್ದಂತೆ ಎದ್ದು ನಡೆಯುವನು; ಎದುರಿನಲ್ಲೇ ಇನ್ನೊಬ್ಬನನ್ನು ಹೊಗಳುವನು; ಒಳ್ಳೆಯ ಕೆಲಸವನ್ನು ಗಮನಿಸದೆ ತಪ್ಪುಗಳನ್ನು ಮಾತ್ರ ಎಣಿಸುವನು; ಹೊರಟವನ ಬೆನ್ನನ್ನು ದಿಟ್ಟಿಸುವನು. ಎಲ್ಲಕ್ಕಿಂತ ಸೂಕ್ಷ್ಮವಾದುದು ಕಡೆಯದು: ಒಡೆಯನ ಬಳಿಗೆ ಹೋಗಿಬರುವ ಇತರರ ನಡತೆಯು ನಿನ್ನ ವಿಷಯದಲ್ಲಿ ಬದಲಾಗುವುದು. ನಮ್ಮ ಅನುಭವದಲ್ಲಿ ಇದಕ್ಕಿಂತ ನಂಬತಕ್ಕ ಕುರುಹು ಬೇರೊಂದಿಲ್ಲ. ಮಧ್ಯಾಹ್ನದ ಚಹಕ್ಕೆ ಕರೆಯುತ್ತಿದ್ದವರು ಕರೆಯದಿದ್ದರೆ, ಸಾಹೇಬನ ಕೋಣೆಯಲ್ಲಿ ನಿನ್ನ ಹೆಸರು ಬಂದಿತೆಂದೇ ಅರ್ಥ.

ಕೌಟಿಲ್ಯನ ಕಾಲದಲ್ಲಿ ಇಲ್ಲದ ಕೆಲವು ಕುರುಹುಗಳನ್ನು ನಾವು ಸೇರಿಸಬಹುದು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಬಳಗದಲ್ಲಿ ಎಲ್ಲರೆದುರು ಒಬ್ಬನನ್ನು ಮೂದಲಿಸುವುದು. ಆಜ್ಞೆಯನ್ನು ಬಾಯಿಂದ ಕೊಟ್ಟು, ಕೆಟ್ಟಾಗ ನಾನು ಹೇಳಿಯೇ ಇಲ್ಲವೆನ್ನುವುದು. ಯಶಸ್ಸಿನ ಕಾಗದಕ್ಕೆ ತನ್ನ ಸಹಿ, ಸೋಲಿನ ಕಾಗದಕ್ಕೆ ಕೈಕೆಳಗಿನವನ ಸಹಿ ಹಾಕಿಸುವುದು. ಒಬ್ಬನ ಗುಟ್ಟನ್ನು ಇನ್ನೊಬ್ಬನಿಂದ ತರಿಸುವುದು. ಕಾಯಿಲೆಯ ರಜೆಯನ್ನು ಉಪಕಾರವೆಂಬಂತೆ ಕೊಡುವುದು. ಒಂದೊಂದೇ ಆದಾಗ ಮನುಷ್ಯ ಸ್ವಭಾವವೆಂದು ಬಿಡಬಹುದು. ತಿಂಗಳುಗಟ್ಟಲೆ ಕೂಡಿಬಂದರೆ, ಭಾನುವಾರದ ಸಂಜೆಗೇ ಎದೆ ಡವಗುಟ್ಟತೊಡಗಿದರೆ, ನಿದ್ದೆ ಹಾರಿಹೋದರೆ, ದೇಹವೇ ಸಾಕ್ಷಿ ನುಡಿಯುತ್ತಿದೆ ಎಂದು ತಿಳಿಯತಕ್ಕದ್ದು. ಅಂಥವನು ನಾಚಿಕೆಪಡದೆ ವೈದ್ಯನ ಬಳಿಗೆ ಹೋಗಬೇಕು, ಮನೆಯವರಿಂದ ಮುಚ್ಚಿಡಬಾರದು.

ಭಯದಿಂದ ಕೆಲಸವಾದರೂ ಆಗುತ್ತದಲ್ಲಾ ಎನ್ನುವ ಹಿರಿಯರು ಅನೇಕರಿದ್ದಾರೆ. ಅಮೇರಿಕದ ಪಂಡಿತೆ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಸಂಗತಿಯನ್ನು ಅವರು ಕೇಳಬೇಕು. ಔಷಧ ಕೊಡುವುದರಲ್ಲಿ ಆದ ತಪ್ಪುಗಳ ಲೆಕ್ಕವು ಒಳ್ಳೆಯ ಮುಖಂಡತ್ವವುಳ್ಳ ತಂಡಗಳಲ್ಲಿ ಕಡಿಮೆ ಇರಬಹುದೆಂದು ಆಕೆ ಎಣಿಸಿದ್ದಳು, ಕಂಡುದು ತದ್ವಿರುದ್ಧ. ಒಳ್ಳೆಯ ತಂಡಗಳ ಲೆಕ್ಕದಲ್ಲಿಯೇ ತಪ್ಪುಗಳು ಹೆಚ್ಚು. ವಿಚಾರಿಸಿದಾಗ ತಿಳಿದುಬಂದುದೇನೆಂದರೆ, ಅಲ್ಲಿಯವರು ತಪ್ಪನ್ನು ಹೇಳಲು ಹೆದರುತ್ತಿರಲಿಲ್ಲ. ಉಳಿದೆಡೆ ತಪ್ಪುಗಳು ಹೊರಗೇ ಬರುತ್ತಿರಲಿಲ್ಲ. ತನ್ನ ಕಚೇರಿಯಿಂದ ಒಂದೂ ತಪ್ಪಿನ ವರದಿ ಬಾರದೆಂದು ಹಿಗ್ಗುವ ಅಧಿಕಾರಿಯು ಇದನ್ನು ಓದಿ ಒಂದು ಕ್ಷಣ ಯೋಚಿಸಲಿ.

ಹಾಗಾದರೆ ಸಿಕ್ಕಿಬಿದ್ದವನು ಮಾಡತಕ್ಕದ್ದೇನು? ಮೊದಲು ತನ್ನಲ್ಲಿ ದೋಷವಿದೆಯೋ ಎಂದು ನೋಡಿಕೊಳ್ಳಬೇಕು. ಕೌಟಿಲ್ಯನೂ ಒಡೆಯನ ಶೀಲವನ್ನೂ ತನ್ನ ತಪ್ಪನ್ನೂ ಅರಿತು ಸರಿಪಡಿಸಿಕೊಳ್ಳುವ ದಾರಿಯನ್ನು ಹೇಳಿದ್ದಾನೆ. ದೋಷವಿಲ್ಲವೆಂದು ಮನವರಿಕೆಯಾದರೆ ಲೇಖನಿಯನ್ನು ಹಿಡಿಯಬೇಕು. ದಿನ, ವೇಳೆ, ಆಡಿದ ಮಾತು, ಎದುರಿಗಿದ್ದವರು ಇಷ್ಟನ್ನು ಅಂದಂದೇ ಬರೆದಿಟ್ಟುಕೊಳ್ಳಬೇಕು. ಬಣ್ಣ ಬೇಡ, ಅಳಲು ಬೇಡ. ಬಾಯಿಯ ಆಜ್ಞೆ ಬಂದಾಗ, ತಾವು ಇಂಥ ದಿನ ಇಂತು ಅಪ್ಪಣೆ ಕೊಟ್ಟಂತೆ ಕೆಲಸವನ್ನು ಕೈಕೊಂಡಿದ್ದೇನೆ, ಎಂದು ವಿನಯವಾದ ಎರಡು ಸಾಲನ್ನು ಕಳುಹಬೇಕು. ಇದು ಉದ್ಧಟತನವಲ್ಲ. ಕೇಂದ್ರ ಸರಕಾರದ ನೌಕರರ 1964ರ ನಡತೆಯ ನಿಯಮಗಳಲ್ಲಿ, ಮೇಲಧಿಕಾರಿಯ ನಿರ್ದೇಶವು ಸಾಮಾನ್ಯವಾಗಿ ಬರವಣಿಗೆಯಲ್ಲಿರಬೇಕು, ಬಾಯಿಂದ ಹೇಳುವುದು ಅನಿವಾರ್ಯವಾದರೆ ಕೂಡಲೇ ಬರೆದು ದೃಢಪಡಿಸಬೇಕು, ಕೈಕೆಳಗಿನವನು ಆ ದೃಢೀಕರಣವನ್ನು ಬೇಗನೆ ಕೇಳಿ ಪಡೆಯಬೇಕು ಎಂದು ಮೂರನೆಯ ನಿಯಮವೇ ವಿಧಿಸುತ್ತದೆ. 2013ರ ಅಕ್ಟೋಬರದಲ್ಲಿ ನಿವೃತ್ತ ಸಂಪುಟ ಕಾರ್ಯದರ್ಶಿ ಟಿ. ಎಸ್. ಆರ್. ಸುಬ್ರಮಣಿಯನ್ ಮೊದಲಾದವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಬಾಯಿಮಾತಿನ ಆಜ್ಞೆಗಳನ್ನು ದಾಖಲೆಮಾಡಬೇಕೆಂದು ಒತ್ತಿ ಹೇಳಿತು. ಎಷ್ಟು ಕಚೇರಿಗಳಲ್ಲಿ ಹೊಸ ನೌಕರನಿಗೆ ಈ ನಿಯಮವನ್ನು ಮೊದಲ ದಿನ ತೋರಿಸುತ್ತಾರೆ? ಹಾಜರಿ ಪುಸ್ತಕವನ್ನಂತೂ ತಪ್ಪದೆ ತೋರಿಸುತ್ತಾರೆ!

ಸರಕಾರಿ ನೌಕರಿಯಲ್ಲಿ ದರ್ಪದ ಅಧಿಕಾರಿಯ ಬತ್ತಳಿಕೆಯಲ್ಲಿದ್ದ ಅತಿ ಹರಿತವಾದ ಬಾಣವೆಂದರೆ ಗುಪ್ತ ವರದಿ. ವರುಷಕ್ಕೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು ಬರೆದ ಒಂದು ಶಬ್ದವು ಒಬ್ಬನ ಬಡತಿಯನ್ನು ನುಂಗಿಹಾಕುತ್ತಿತ್ತು. ಅವನಿಗೆ ಗೊತ್ತಾಗುತ್ತಲೂ ಇರಲಿಲ್ಲ. ಗಡಿ ರಸ್ತೆಗಳ ಇಲಾಖೆಯ ಇಂಜಿನಿಯರರಾದ ದೇವದತ್ತ ಎಂಬವರ ಮೊಕದ್ದಮೆಯಲ್ಲಿ ಹೀಗೆಯೇ ಆಯಿತು. ಬಡತಿಗೆ ಐದು ವರುಷವೂ ‘ಬಹಳ ಉತ್ತಮ’ ಎಂಬ ಗುರುತು ಬೇಕಾಗಿದ್ದಿತು. ಒಂದು ವರುಷ ‘ಉತ್ತಮ’ ಎಂದು ಬಿದ್ದಿತ್ತು. ‘ಉತ್ತಮ’ವು ನಿಂದೆಯಲ್ಲವಾದ್ದರಿಂದ ತಿಳಿಸಬೇಕಾಗಿಲ್ಲವೆಂದು ಸರಕಾರದ ವಾದ. 2008ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪದೆ, ಒಳ್ಳೆಯದಿರಲಿ ಕೆಟ್ಟದಿರಲಿ ಪ್ರತಿಯೊಂದು ಗುರುತನ್ನೂ ನೌಕರನಿಗೆ ತಿಳಿಸಲೇಬೇಕು, ಅವನು ಅದರ ಮೇಲೆ ಮನವಿ ಮಾಡಿಕೊಳ್ಳಲು ಅವಕಾಶವಿರಬೇಕು ಎಂದು ತೀರ್ಮಾನಿಸಿತು. ಮರುವರುಷ ಕೇಂದ್ರ ಸರಕಾರವು ಪೂರ್ತಿ ವರದಿಯನ್ನು ತೋರಿಸುವ ಪದ್ಧತಿಯನ್ನು ತಂದಿತು. ಹಕ್ಕು ಬಂದಿದೆ; ಅದನ್ನು ಉಪಯೋಗಿಸದೆ ಹಣೆಯಬರಹವೆಂದು ಕೈಚೆಲ್ಲುವವರಿಗೆ ನಾವು ಏನು ಹೇಳೋಣ?

ಖಾಸಗಿ ನೌಕರನ ಸ್ಥಿತಿ ಇಷ್ಟು ಭದ್ರವಿಲ್ಲ. ಹೆಂಗಸರ ಮೇಲಣ ಲೈಂಗಿಕ ಕಿರುಕುಳಕ್ಕೆ 2013ರ ಕಾನೂನಿದೆ. ಹತ್ತು ಮಂದಿ ದುಡಿಯುವ ಕಡೆಯೆಲ್ಲ ಒಳಸಮಿತಿಯಿರಬೇಕು, ಮೂರು ತಿಂಗಳೊಳಗೆ ದೂರು ಕೊಡಬೇಕು. ಆದರೆ ಫ್ರಾನ್ಸಿನ 2002ರ ಕಾನೂನಿನಂತೆ, ಗಂಡಸಿರಲಿ ಹೆಂಗಸಿರಲಿ, ದರ್ಪದಿಂದ ಮನಸ್ಸನ್ನು ಮುರಿಯುವುದನ್ನೇ ಅಪರಾಧವೆನ್ನುವ ಕಾನೂನು ನಮ್ಮಲ್ಲಿಲ್ಲ. ಇದು ಬರಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಸಾಬೀತುಪಡಿಸುವುದು ಕಷ್ಟವೆಂಬ ಆಕ್ಷೇಪಣೆಯು ನಮಗೆ ಒಪ್ಪಿಗೆಯಾಗದು. ಪ್ಯಾರಿಸಿನಲ್ಲಿ ಸಾಧ್ಯವಾದ ರುಜುವಾತು ಇಲ್ಲಿ ಏಕೆ ಅಸಾಧ್ಯ? ಅಲ್ಲಿಯವರೆಗೆ ಜೊತೆಗಾರರೇ ಗತಿ. ವಿಷದ ಅಧಿಕಾರಿಯು ಬಾಳುವುದು ಕೈಕೆಳಗಿನವರ ಒಡಕಿನಿಂದ; ಒಬ್ಬನಿಗೆ ಬೆಲ್ಲ, ಒಬ್ಬನಿಗೆ ಬೇವು ಹಂಚಿ ಇಬ್ಬರನ್ನೂ ಬೇರೆಮಾಡುತ್ತಾನೆ. ಇಬ್ಬರು ಮೂವರು ತಮ್ಮ ಟಿಪ್ಪಣಿಗಳನ್ನು ಒಟ್ಟಿಗಿಟ್ಟು ಅವನ ಮೇಲಿನವನ ಮುಂದೆ ಹೋಗಿ ಕುಳಿತರೆ ಆ ಮಾತಿಗೆ ಬರುವ ತೂಕವೇ ಬೇರೆ. ಒಬ್ಬನೇ ಹೋದವನನ್ನು ಜಗಳಗಂಟನೆಂದು ಬರೆದುಬಿಡುತ್ತಾರೆ.

ಇದಾವುದೂ ಫಲಿಸದಿದ್ದರೆ? ಬಿಟ್ಟುಹೋಗುವುದು. ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಫೀಜು, ಮುದುಕ ತಾಯಿತಂದೆಗಳ ಔಷಧ ಇವನ್ನೆಲ್ಲ ತಲೆಯ ಮೇಲೆ ಹೊತ್ತವನಿಗೆ ರಾಜೀನಾಮೆಯ ಉಪದೇಶ ಮಾಡುವುದು ಸುಲಭ; ಆ ಸುಲಭದ ಕೆಲಸಕ್ಕೆ ನಾವು ಹೋಗೆವು. ಇನ್ನೊಂದು ಕೆಲಸ ಕೈಗೆ ಬಂದ ಮೇಲೆಯೇ ಕಾಲು ತೆಗೆಯುವುದು ಲೇಸು. ಆದರೆ ಹೊರಡುವುದನ್ನು ಸೋಲೆಂದು ಮಾತ್ರ ಯಾರೂ ತಿಳಿಯಬೇಕಾಗಿಲ್ಲ. ಹಿಂದಿನ ಆಚಾರ್ಯರಲ್ಲಿ ಯಾರು ಯಾರು ಯಾವ ಸೂಚನೆ ಕಂಡು ಒಡೆಯನನ್ನು ಬಿಟ್ಟರೆಂಬುದನ್ನು ಕೌಟಿಲ್ಯನು ಪಟ್ಟಿಮಾಡಿದ್ದಾನೆ. ಒಬ್ಬನು ಎತ್ತರದಿಂದ ನೀರು ಸುರಿದುದನ್ನು ಕಂಡೇ ಹೊರಟನು. ಒಬ್ಬನು ಆನೆಯು ತನ್ನ ಮೇಲೆ ನೀರು ಸಿಂಪಡಿಸಿದುದಕ್ಕೆ. ಇನ್ನೊಬ್ಬನು ನಾಯಿಯ ಬೊಗಳಿಗೆ. ಈ ಸೂಚನೆಗಳ ಹಿಂದಣ ಕತೆಗಳು ಏನಾದರೂ ಇರಲಿ, ಅವರು ದೊಡ್ಡ ಪಂಡಿತರು, ಅಷ್ಟಕ್ಕೇ ಗಂಟುಕಟ್ಟಿದರು. ಹೊರಟವನು ಮಿತ್ರನೊಬ್ಬನ ಆಶ್ರಯದಲ್ಲಿದ್ದು, ಮಿತ್ರರ ಮೂಲಕ ಒಡೆಯನ ಮನಸ್ಸನ್ನು ತಿಳಿಮಾಡಿಸಿ, ಒಡೆಯನು ಬದುಕಿರುವಾಗಲೋ ಸತ್ತ ಮೇಲೋ ಹಿಂದಿರುಗಬಹುದೆಂದು ಕೂಡ ಅಲ್ಲಿಯೇ ಹೇಳಿದೆ. ನಮ್ಮ ಕಾಲದ ನೌಕರನು ಅಷ್ಟು ದಿನ ಕಾಯಬೇಕಾದುದಿಲ್ಲ; ಒಡೆಯನ ವರ್ಗಾವಣೆಯ ಹುಕುಮು ಸಾಮಾನ್ಯವಾಗಿ ಯಮನಿಗಿಂತ ಮೊದಲೇ ಬರುತ್ತದೆ.